ಕೊನೇ ಪಂಕ್ತಿಯ ಕಡಲು

ನನಗೂ ಶಶಿಧರನಿಗೂ ಡಿಗ್ರಿ ಓದುವಾಗಿನಿಂದ ಸ್ನೇಹ. ಇಬ್ಬರೂ ಭದ್ರಾವತಿಯವರು; ನಾನು ಕಾಗದನಗರ, ಅವನು ಓಲ್ಡ್ ಟೌನ್. ಇಬ್ಬರೂ ಶಿವಮೊಗ್ಗದ ಕೋಟೆ ಹತ್ತಿರದ ಒಂದು ಖಾಸಗಿ ಕಾಲೇಜಿನಲ್ಲಿ ಭೂವಿಜ್ಞಾನದ ಅತಿಥಿ ಉಪನ್ಯಾಸಕರು. ಮನೆಗೆ ಬಂದ ಅತಿಥಿಗಾದರೂ ಕಾಫಿ ಕೊಡುತ್ತಾರೆ, ನಮಗೆ ಪ್ರತಿ ವರ್ಷ 'ನೋಡೋಣ' ಅನ್ನುತ್ತಾರೆ.

ಈ ಸಲ ಒಂದು ಹುದ್ದೆ ಕಾಯಂ ಆಗುತ್ತದೆ, ಇನ್ನೊಬ್ಬರು ಮನೆಗೆ ಹೋಗಬೇಕು ಎಂದರು. ಸಮಿತಿಯ ಎದುರು ಕನ್ನಡದಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಶಶಿಧರ ಬಸ್ಸಿನಲ್ಲೇ ಹೇಳಿಬಿಟ್ಟ.

"ನಾನು ಅರ್ಜಿನೇ ಹಾಕಲ್ಲ ಮಾರಾಯ್ತಿ. ನನಗೆ ಮಾವನ ಹಾರ್ಡ್‌ವೇರ್ ಅಂಗಡಿ ಇದೆ. ನಿನಗೆ ಈ ಕೆಲಸ ಬಿಟ್ರೆ ಇನ್ನೇನಿದೆ? ಪಾಠ ನನ್ನ ಮುಂದೆ ಮಾಡು, ತಪ್ಪಿದ್ರೆ ಹೇಳ್ತೀನಿ."

ಕಂಡವರನ್ನೆಲ್ಲ ಅನುಮಾನಿಸುವ ಬುದ್ಧಿ ನನ್ನದು. ಇವನೊಬ್ಬನನ್ನು ನಂಬಿದೆ.

ನನ್ನ ಪಾಠ ಇಷ್ಟೇ. ಸುಮಾರು ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಜ್ವಾಲಾಮುಖಿಗಳು ಉಗುಳಿ ಭೂಮಿ ಕಾದು, ಕಡಲೂ ಕಾಯಿತು. ತಣ್ಣೀರು ಹಿಡಿಯುವಷ್ಟು ಆಮ್ಲಜನಕವನ್ನು ಬಿಸಿನೀರು ಹಿಡಿಯುವುದಿಲ್ಲ. ಮೇಲಿನ ತಣ್ಣೀರು ಮುಳುಗಿ ತಳಕ್ಕೆ ಉಸಿರು ಒಯ್ಯುವುದೂ ಕಡಿಮೆಯಾಯಿತು. ಕಡಲಿನ ಜೀವಜಾತಿಗಳಲ್ಲಿ ಬಹುಪಾಲು ಅಳಿದುಹೋದವು. ಇದನ್ನು ನಾನು ಮದುವೆ ಊಟದ ಲೆಕ್ಕದಲ್ಲಿ ಹೇಳುತ್ತಿದ್ದೆ. ಕಡಲ ತಳ ಕೊನೇ ಪಂಕ್ತಿ. ಬಡಿಸುವವರ ಬಕೆಟ್ಟು ಅರ್ಧ ಖಾಲಿ, ಕಾಲಿನಲ್ಲಿ ಬಲವಿಲ್ಲ, ಮೊದಲ ಪಂಕ್ತಿಯಲ್ಲೇ ನಿಂತುಬಿಟ್ಟರು. ತಳಕ್ಕೆ ಅಂಟಿಕೊಂಡಿದ್ದ ಪ್ರಾಣಿಗಳು ಆಪೋಶನ ತೆಗೆದುಕೊಂಡು ಕೂತವರ ಹಾಗೆ ಎಲೆಯ ಮುಂದೆಯೇ ಉಳಿದವು.

ಶಶಿಧರ ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಸಿದ. "ಸಕತ್ತಾಗಿದೆ, ಇನ್ನೊಂದ್ಸಲ" ಎಂದ. ನಾನು ಹಿಗ್ಗಿದೆ.

ಪಾಠ ಮಾಡಿ ತೋರಿಸುವ ದಿನ ಕಾಲೇಜಿಗೆ ಹೋದರೆ ಇಸ್ತ್ರಿ ಅಂಗಿ ತೊಟ್ಟು ಅವನೂ ಕೂತಿದ್ದ. "ಮಾವನ ಒತ್ತಾಯ ವೇದಾ, ಸುಮ್ನೆ ಹೆಸರಿಗೆ" ಎಂದ. ಮೊದಲು ಅವನನ್ನೇ ಕರೆದರು. ನಾನು ಹಿಂದಿನ ಬೆಂಚಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತೆ.

"ಮಕ್ಕಳೇ, ಮದುವೆ ಮನೇಲಿ ಕೊನೇ ಪಂಕ್ತೀಲಿ ಕೂತಿದ್ದೀರಾ ಯಾವತ್ತಾದ್ರೂ?" ಎಂದು ಶುರು ಮಾಡಿದ.

ನನ್ನ ಬಕೆಟ್ಟು, ನನ್ನ ಎಲೆ, ನಾನು ನಿಲ್ಲಿಸುವ ಕಡೆಯೇ ನಿಲ್ಲಿಸುತ್ತಿದ್ದ. ಕಳ್ಳ. ಮಕ್ಕಳು ನಕ್ಕರು, ಪ್ರಿನ್ಸಿಪಾಲ್ ಕಾಂತರಾಜ್ ತಲೆದೂಗಿದರು. ಕೊನೆಗೆ ಅವನು, "ಹೀಗೆ ಕಡಲು ಆ ಪ್ರಾಣಿಗಳನ್ನ ಆಪೋಶನ ತೊಗೊಂಡ್ಬಿಡ್ತು" ಎಂದ.

ಸಮಿತಿಯಲ್ಲಿದ್ದ ನಿವೃತ್ತ ಪ್ರೊಫೆಸರ್ ಗಣಪಯ್ಯನವರು ಹುಬ್ಬು ಗಂಟು ಹಾಕಿದರು. ಅವರದು ವೈದಿಕರ ಮನೆತನ. "ಊಟದ ಮಾತು ಹೇಳ್ತಾ ಆಪೋಶನ ಅಂದ್ರಲ್ಲ, ಹಾಗಂದ್ರೇನು?" ಎಂದು ಕೇಳಿದರು.

"ನುಂಗಿಹಾಕೋದು ಸಾರ್."

ಪಾಠ ಮುಗಿದದ್ದೇ ಫೋನ್ ಬಂದಿದೆಯೆಂದು ಶಶಿಧರ ಹೊರಗೆ ನಡೆದ. ನನ್ನ ಸರದಿ ಬಂತು. ನನಗೆ ಬೇರೆ ಪಾಠ ಗೊತ್ತಿರಲಿಲ್ಲವೆಂದಲ್ಲ, ನನ್ನದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಕೊನೇ ಪಂಕ್ತಿ ಎಂದೊಡನೆ ಮಕ್ಕಳು ಕಿಸಕ್ಕೆಂದರು.

"ಮೇಡಂ, ಶಶಿಧರ್ ಹೇಳಿದ್ದನ್ನೇ ಹೇಳ್ತಿದ್ದೀರಲ್ಲ" ಎಂದರು ಕಾಂತರಾಜ್.

"ಇದು ನನ್ನದು ಸಾರ್" ಎಂದೆ. ನಂಬುವವರು ಯಾರು? ಆದರೂ ಮುಂದುವರಿಸಿದೆ. "ಊಟಕ್ಕೆ ಮುಂಚೆ ಅಂಗೈಲಿ ನೀರು ಹಾಕ್ಕೊಂಡು ಮಂತ್ರ ಹೇಳಿ ಕುಡಿಯೋದೇ ಆಪೋಶನ. ಅದಾದ್ಮೇಲೆ ಊಟ ಮುಗಿಯೋ ತನಕ ಎಲೆ ಬಿಟ್ಟು ಏಳೋ ಹಾಗಿಲ್ಲ. ಮೀನು ಈಜಿ ಬೇರೆ ಕಡೆ ಹೋಗ್ಬಹುದು. ಬಂಡೆಗೆ ಅಂಟಿಕೊಂಡಿರೋ ಕಡಲ ಲಿಲ್ಲಿ ಅನ್ನೋ ಪ್ರಾಣಿ ಎಲ್ಲಿಗೆ ಹೋಗುತ್ತೆ? ಬಡಿಸೋರು ಬರಲಿಲ್ಲ, ಏಳೋಕೂ ಆಗಲಿಲ್ಲ. ಕೂತಲ್ಲೇ ಸತ್ತಿತು."

ಗಣಪಯ್ಯನವರು ನನ್ನನ್ನೇ ನೋಡಿದರು. ಪಾಠ ಯಾರದೆಂದು ಅವರಿಗೆ ತಿಳಿಯಿತು, ಅದು ಮುಖದಲ್ಲೇ ಕಾಣುತ್ತಿತ್ತು. ಈಗ ಹೇಳುತ್ತಾರೆ ಎಂದು ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೂತರು.

ಸಂಜೆ ಶಶಿಧರನ ಹೆಸರು ಹೇಳಿದರು. ಮೆಟ್ಟಿಲ ಹತ್ತಿರ ಗಣಪಯ್ಯನವರು ದನಿ ತಗ್ಗಿಸಿ, "ನಿಮ್ಮದೇ ಅಂತ ಗೊತ್ತಾಯ್ತಮ್ಮ. ಆದ್ರೆ ಅವರ ಮಾವ ಆಡಳಿತ ಮಂಡಳೀಲಿ ಇದ್ದಾರೆ. ಇದು ಮೊದಲೇ ಆಗಿಹೋಗಿತ್ತು" ಎಂದರು. ಗೊತ್ತಿದ್ದೂ ಬಾಯಿ ಮುಚ್ಚಿದವರಿಗೆ ಏನೆನ್ನಲಿ? ನಮಸ್ಕಾರವನ್ನೂ ಮಾಡದೆ ಇಳಿದೆ. ನನಗೆ ಉರಿದದ್ದು ಬೇರೆ. ಕೆಲಸ ಮೊದಲೇ ಅವನದಾಗಿದ್ದರೆ ನನ್ನ ಪಾಠ ಯಾಕೆ ಬೇಕಿತ್ತು? ನನಗೆ ಅದೊಂದಾದರೂ ಉಳಿಯುತ್ತಿತ್ತು.

ಭದ್ರಾವತಿ ಬಸ್ಸಿನಲ್ಲಿ ಅವನು ಪಕ್ಕದ ಸೀಟಿಗೆ ಕರವಸ್ತ್ರ ಹಾಕಿ ನನಗಾಗಿ ಕಾದಿದ್ದ. ನಾನು ಕೂರಲಿಲ್ಲ, ಕಂಬಿ ಹಿಡಿದು ನಿಂತೆ.

"ಬೇಜಾರಾಗಿದ್ದೀಯ, ಗೊತ್ತು. ನಮ್ಮ ಸ್ನೇಹ ಅಷ್ಟಕ್ಕೆಲ್ಲ ಹಾಳಾಗುತ್ತಾ ಹೇಳು" ಎಂದ. ಬಸ್ಸು ಹೊರಟ ಮೇಲೆ ಫೋನ್ ಕೈಗೆತ್ತಿಕೊಂಡ. "ಸೋಮವಾರ ಕ್ಲಾಸಲ್ಲಿ ಇದೇ ಪಾಠ ಮಾಡ್ಬೇಕು ವೇದಾ. ಆ ಮುದುಕ ಯಾಕೋ ಮುಖ ಕಿವುಚಿದ. ಆಪೋಶನ ಅಂದ್ರೆ ಸರಿಯಾಗಿ ಏನು, ಹೇಳ್ಕೊಡು."

"ನೀನು ಹೇಳಿದ್ದೇ ಸರಿ ಶಶಿ. ನಂಬಿದೋರದ್ದನ್ನ ನುಂಗಿಹಾಕೋದು."

ಅವನು ತಲೆಯಾಡಿಸಿ, ಫೋನಿನಲ್ಲಿ ಬರೆದುಕೊಂಡ.