ಸೀಸದ ಮೇಲಿನ ಬೂಟು

"ಉಸಿರು ಬಿಡ್ಬೇಡ," ಎಂದರು ಹೆಡ್ಲಿ ಆಕ್ಸ್‌ಟಬಿ.

ನಾನು ಬಿಡಲಿಲ್ಲ. ಮರದ ಕೊಡತಿ ಸೀಸದ ಹಾಳೆಯ ಮೂಲೆಗೆ ಬಿತ್ತು. ಕಲಸಿದ ಹಿಟ್ಟಿಗೆ ಅಂಗೈಯಿಂದ ತಟ್ಟಿದ ಸದ್ದು. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡರು. ಮತ್ತೊಂದು ಏಟು.

"ಹೂಂ, ಈಗ ಬಿಡು ಡೆನೀಸ್. ನೀನಿಲ್ಲಿ ಸತ್ರೆ ಕೆಳಗಿಳಿಸೋದು ಯಾರು?"

"ನೀವೇ ಯಜಮಾನ್ರೇ. ಬಕೆಟ್ಟಿಗೆ ತುಂಬಿ ಹಗ್ಗ ಬಿಡಿ."

"ನಿನಗೆ ಎರಡು ಬಕೆಟ್ ಬೇಕು."

ಸಮುದ್ರದ ಕಡೆಯಿಂದ ಬರುವ ಗಾಳಿ ಚರ್ಚಿನ ಮಾಡಿನ ಮೇಲೆ ನಮ್ಮಿಬ್ಬರ ಕಿವಿಯನ್ನೂ ಕೊಯ್ಯುತ್ತಿತ್ತು. ಹಳೆಯ ಸೀಸ ತೆಗೆದು ಹೊಸದನ್ನು ಹಾಸಿಯಾಗಿತ್ತು. ಉಳಿದದ್ದು ಈ ಮೂಲೆ ಒಂದೇ. ಇಲ್ಲಿ ಗೋಡೆ ಹೊರಕ್ಕೆ ತಿರುಗುತ್ತದೆ. ಚಪ್ಪಟೆ ಹಾಳೆಯೂ ಅದರೊಂದಿಗೆ ತಿರುಗಿ ಎರಡೂ ಕಡೆ ಇಳಿಯಬೇಕು, ಆದರೆ ತಿರುವಿನಲ್ಲಿ ಸೀಸ ಸಾಲುವುದಿಲ್ಲ. ಬೇರೆಯವರು ಕತ್ತರಿಸಿ, ತೇಪೆ ಇಟ್ಟು, ಬೆಂಕಿಯಲ್ಲಿ ಬೆಸೆಯುತ್ತಾರೆ. ಹೆಡ್ಲಿ ಹಾಳೆಯಲ್ಲಿ ಸೀಸ ಹೆಚ್ಚಾಗಿರುವ ಕಡೆಯಿಂದ ಇಲ್ಲದ ಕಡೆಗೆ ಅದನ್ನು ಏಟಿನಿಂದ ಏಟಿಗೆ ನಡೆಸಿಕೊಂಡು ಬರುತ್ತಾರೆ. ಆಸೆಪಟ್ಟು ಒಂದೇಟು ಹೆಚ್ಚು ಹೊಡೆದರೆ ಹಾಳೆ ತೆಳುವಾಗಿ ಹರಿಯುತ್ತದೆ. ತೆಳುವಾದದ್ದು ಕಣ್ಣಿಗೆ ಕಾಣುವುದಿಲ್ಲ. ಸದ್ದು ಬದಲಾಗುತ್ತದೆ, ಅಷ್ಟೆ.

ವಾರವೆಲ್ಲ ನಮ್ಮದು ಸೋರುವ ನಲ್ಲಿ, ಕಟ್ಟಿಕೊಂಡ ಕಕ್ಕಸು, ಚಳಿಗೆ ಒಡೆದ ಪೈಪು. ಅವನ್ನೂ ಅವರು ಇದೇ ಗಂಭೀರ ಮುಖ ಹೊತ್ತು ಮಾಡುತ್ತಾರೆ, ಬೈದುಕೊಂಡು. ಆದರೆ ಸೀಸದ ಮುಂದೆ ಮಂಡಿಯೂರಿದಾಗ ಬೈಗುಳ ನಿಂತುಹೋಗುತ್ತದೆ.

ಪಕ್ಕದ ಗೋಡೆಗೆ ಹಳೆಯ ಮಾಡಿನಿಂದ ಕತ್ತರಿಸಿಟ್ಟ ತುಂಡೊಂದು ಒರಗಿತ್ತು. ಅದರ ಮೇಲೆ ಒಂದು ಬೂಟಿನ ಗೆರೆ, ಗೆರೆಯೊಳಗೆ ಜೆ. ಡಬ್ಲ್ಯು. ಎಂಬ ಅಕ್ಷರಗಳು. ಎರಡು ಶತಮಾನದ ಹಿಂದೆ ಈ ಮಾಡು ಹೊದಿಸಿದ ಪ್ಲಂಬರ್ ತನ್ನ ಕಾಲನ್ನು ಸೀಸದ ಮೇಲಿಟ್ಟು ಸುತ್ತಲೂ ಚಾಕು ಎಳೆದಿದ್ದ. ಅದು ಎಡಗಾಲಿನದೂ ಅಲ್ಲ, ಬಲಗಾಲಿನದೂ ಅಲ್ಲ. ಆಗ ಎರಡೂ ಕಾಲಿಗೆ ಒಂದೇ ಆಕಾರದ ಬೂಟು ಹೊಲಿಯುತ್ತಿದ್ದರಂತೆ. ಹೆಡ್ಲಿ ಕೆಲಸ ಕಲಿಯುವಾಗ ಇದನ್ನು ಮೊದಲು ಕಂಡವರು. ಒಮ್ಮೆ ವ್ಯಾನಿನಲ್ಲಿ, ಬಾಯಿತುಂಬ ಹಂದಿಮಾಂಸದ ಪೈ ಇಟ್ಟುಕೊಂಡು, "ಆ ಮನುಷ್ಯನ ಪಕ್ಕ ನನ್ ಬೂಟು ನಿಲ್ಬೇಕು," ಎಂದಿದ್ದರು. ಅವರು ಏನನ್ನಾದರೂ ಬೇಕು ಎಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆದರೆ ಅವರ ಗುರು ಹಾಕಿಕೊಟ್ಟ ಒಂದು ನಿಯಮವಿದೆ. ಕೆಲಸ ಮುಗಿದ ದಿನ ಗೆರೆ ಎಳೆಯುವಂತಿಲ್ಲ. ಒಂದು ಚಳಿಗಾಲದ ಮಳೆ ಮಾಡನ್ನು ಪರೀಕ್ಷಿಸಬೇಕು. ಆಮೇಲೆ ಹತ್ತಿ ಹೋಗಿ, ಸೀಸದ ಅಡಿಯ ಮರ ಒಣಗಿದೆಯೇ ಎಂದು ಮುಟ್ಟಿ ನೋಡಿ, ಆಗ ಕಾಲಿಡಬೇಕು. ಸುತ್ತಲ ಊರುಗಳ ಚರ್ಚುಗಳ ಮೇಲೆಲ್ಲ ಹೆಡ್ಲಿಯ ಬೂಟು ಹಾಗೆ ಬಂದಿದೆ. ಈಗ ಅವರ ಮಂಡಿ ಸವೆದಿದೆ. ಇದೇ ಕೊನೆ, ಇನ್ನು ಏಣಿ, ಮೆಟ್ಟಿಲು ಹತ್ತುವಂತಿಲ್ಲ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ.

ಕೊಡತಿ ನಿಂತಿತು. ಅವರು ಕಣ್ಣು ಮುಚ್ಚಿ ಮೂಲೆಯ ಮೇಲೆ ಹೆಬ್ಬೆರಳು ಎಳೆದರು. ಒಂದು ಕಡೆ ತಡೆದು, ಮೆಲ್ಲಗೆ ಮತ್ತೆರಡು ಏಟು ಹಾಕಿದರು. ಆಮೇಲೆ ನನ್ನ ಕೈ ಹಿಡಿದು ಅಲ್ಲಿಟ್ಟರು.

"ತಿರುವು ಎಲ್ಲಿ ಶುರುವಾಯ್ತು, ಹೇಳು."

ಹುಡುಕಿದೆ. ಸಿಗಲಿಲ್ಲ. ಮಡಿಕೆಯಿಲ್ಲ, ಗಾಯವಿಲ್ಲ. ತಣ್ಣನೆಯ ಲೋಹ ಮೊಟ್ಟೆಯ ಹೊರಮೈಯಂತೆ ಬೆರಳಡಿಯಲ್ಲಿ ಜಾರಿಹೋಯಿತು. ಕೈ ಹಿಂದಕ್ಕೆ ತೆಗೆಯಲು ಮನಸ್ಸಾಗಲಿಲ್ಲ.

ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಮಿಸೆಸ್ ಸ್ಟಬ್ಸ್ ಚಹಾದ ಫ್ಲಾಸ್ಕ್ ಹಿಡಿದು ಗೋಪುರದ ಬಾಗಿಲಿಂದ ಹೊರಬಂದರು. ಮೂಲೆ ನೋಡಿದವರು ಫ್ಲಾಸ್ಕಿನ ಮುಚ್ಚಳ ತೆರೆಯುವುದನ್ನೇ ಮರೆತರು.

"ಇದನ್ನ ಕೈಯಲ್ಲೇ ಮಾಡಿದ್ರಾ?"

"ಇಲ್ಲಮ್ಮಾ, ಬಾಯಲ್ಲಿ. ಚಹಾ ಕೊಡ್ತೀರೋ, ಅಥವಾ ತೋರಿಸೋಕೆ ತಂದಿದ್ದೋ?"

ಜೆ. ಡಬ್ಲ್ಯು. ತುಂಡನ್ನು ಹೊಸ ಸೀಸದ ಮೇಲೆ ಮತ್ತೆ ಕೂರಿಸಿದೆವು. ಅದರ ಪಕ್ಕ ಒಂದು ಬೂಟಿನಷ್ಟು ಜಾಗ ಖಾಲಿ. ನಾನು ಜೇಬಿನಿಂದ ಚಾಕು ತೆಗೆದೆ.

"ಕಾಲಿಡಿ, ಯಜಮಾನ್ರೇ."

"ಇನ್ನೂ ಮಳೆ ಕಂಡಿಲ್ಲ ಇದು."

"ಚಳಿಗಾಲ ಮುಗಿದ್ಮೇಲೆ ನೀವು ಹತ್ತೋಕಾಗಲ್ವಲ್ಲ."

"ಗೊತ್ತು."

"ಇದು ಸೋರೋದಿಲ್ಲ ಅಂತ ನನಗೇ ಗೊತ್ತಾಗತ್ತೆ ಆಕ್ಸ್‌ಟಬಿಯವರೇ," ಎಂದರು ಮಿಸೆಸ್ ಸ್ಟಬ್ಸ್. "ಯಾರು ಕೇಳ್ತಾರೆ?"

ಹೆಡ್ಲಿ ಹಳೆಯ ಬೂಟಿನ ಗೆರೆಯತ್ತ ಗದ್ದದಿಂದ ಸನ್ನೆ ಮಾಡಿದರು. "ಇವನು ಕೇಳ್ತಾನೆ."

"ಸರಿ, ಹೀಗೆ ಮಾಡಿ," ಎಂದೆ. "ಬೂಟು ನನಗೆ ಕೊಟ್ಟಿರಿ. ವಸಂತದಲ್ಲಿ ನಾನೇ ಹತ್ತಿ ಬರ್ತೀನಿ. ಮರ ಮುಟ್ಟಿ ನೋಡ್ತೀನಿ. ಒಣಗಿದ್ರೆ ನಿಮ್ಮ ಬೂಟಿಟ್ಟು ನಾನೇ ಗೆರೆ ಎಳೀತೀನಿ. ನಿಯಮಾನೂ ಉಳಿಯತ್ತೆ."

ಅವರು ತಮ್ಮ ಬೂಟು ನೋಡಿಕೊಂಡರು. ಖಾಲಿ ಜಾಗವನ್ನು ತುಂಬ ಹೊತ್ತು ನೋಡಿದರು. ದೂರದಲ್ಲಿ, ಸಮುದ್ರದ ಮೇಲೆ ಮೋಡ ಕಪ್ಪಗಾಗುತ್ತಿತ್ತು.

"ಕಾಲಿಲ್ಲದ ಬೂಟಾ?" ಎಂದರು. ಚಹಾ ಮುಗಿಸಿ ಲೋಟ ಕೊಡವಿದರು. "ಬೇಡ."