ವಿಭೂತಿ ಹಚ್ಚಿದ ಕಲ್ಲು

ವೀಳ್ಯ ಹಿಡಿದಾಗಿದೆ, ಇನ್ನು ಯಾವ ಬಾಯಿಂದ ಮನೆಯ ಕಾಗದ ಕೇಳುವುದು? ಕೇಳಿದರೆ ಅಂದಾನಪ್ಪನವರ ಮೇಲೆ ನಂಬಿಕೆ ಇಲ್ಲ ಎಂದಂತಾಗುವುದಿಲ್ಲವೇ? ಕೇಳದಿದ್ದರೆ? ಟೆಂಪೋದ ಹಿಂದೆ ಹೊಸ ಗೇಟನ್ನು ಹಿಡಿದುಕೊಂಡು ಕುಳಿತ ಚನ್ನಬಸವನ ತಲೆಯಲ್ಲಿ ಈ ಮಾತು ವಾರದಿಂದ ಗಾಣದ ಎತ್ತಿನಂತೆ ಸುತ್ತುತ್ತಿತ್ತು.

ಚನ್ನಬಸವನದು ಎಕ್ಕಂಬಿಯಲ್ಲಿ ವೆಲ್ಡಿಂಗ್ ಅಂಗಡಿ. ಊರಿನ ಅರ್ಧ ಮನೆಗಳಿಗೆ ಗೇಟು ಮಾಡಿಕೊಟ್ಟವನು ಅವನೇ. ಅವನ ಸಂಸಾರ ಮಾತ್ರ ಬಾಡಿಗೆ ಮನೆಯಲ್ಲಿ. ಊರ ಹೊರಗೆ ಅಂದಾನಪ್ಪನವರ ಹೆಂಚಿನ ಮನೆ ಮಾರಾಟಕ್ಕಿದೆ ಎಂದು ಗೊತ್ತಾದಾಗ ತಾಯಿ ಕಲ್ಲವ್ವನೇ ಮುಂದಾಗಿ ಮಾತು ಮುಗಿಸಿದ್ದಳು. ಹಿರಿಯರೆದುರು ಎಲೆ-ಅಡಿಕೆ ಕೈ ಬದಲಾದವು. ಆ ಸೀಮೆಯಲ್ಲಿ ವೀಳ್ಯ ಹಿಡಿದರೆ ವ್ಯಾಪಾರ ಕುದುರಿದಂತೆ. ನಾಳೆ ದುಡ್ಡು ಕೊಟ್ಟು ಬಾಂಡ್ ಪೇಪರಿಗೆ ಸಹಿ ಹಾಕುವುದಿತ್ತು. ಇಷ್ಟು ವರ್ಷ ಕೂಡಿಟ್ಟದ್ದೆಲ್ಲ, ಹೆಂಡತಿ ದಾಕ್ಷಾಯಿಣಿಯ ಬಂಗಾರದ ಬೋರಮಾಳ ಸರದ ಸಮೇತ, ಅದಕ್ಕೇ ಹೋಗುತ್ತಿತ್ತು. ಈ ದಿನ ಒಳ್ಳೆಯದೆಂದು ಗೇಟು ನಿಲ್ಲಿಸಲು ಹೊರಟಿದ್ದರು.

ದಾಕ್ಷಾಯಿಣಿಯ ತಂಗಿ ರಮ್ಯಶ್ರೀ ಸಿರಸಿಯಲ್ಲಿ ವಕೀಲೆ. ಅಕ್ಕನ ಮನೆ ನೋಡಲು ಅವಳೂ ಬಂದಿದ್ದಳು.

“ಭಾವಾ, ಮನಿ ಕಾಗದ ನೋಡೀರೇನು?”

ಚನ್ನಬಸವ ಗೇಟಿನ ಚಿಲಕವನ್ನು ಒರೆಸತೊಡಗಿದ. ಉತ್ತರ ಕಲ್ಲವ್ವನಿಂದ ಬಂತು.

“ವಕೀಲರ ಕಣ್ಣು ಬಿತ್ತು ನೋಡು. ಲೈಟ್ ಮೀಟರ್ ಐತಿ, ವರ್ಷಾ ಪಂಚಾಯ್ತಿಗೆ ಮನಿ ಪಟ್ಟಿ ರೊಕ್ಕಾ ತುಂಬತಾರ. ಇನ್ನೇನು ಬೇಕವ್ವಾ?”

“ಅತ್ತಿ, ಕರೆಂಟ್ ಯಾರು ಸುಡತಾರ ಅನ್ನೋದು ಮೀಟರ್ ಹೇಳತೈತಿ. ಜಾಗಾ ಯಾರದು ಅಂತ ಹೇಳೂದಿಲ್ಲ. ಮನಿ ಪಟ್ಟಿನೂ ಅಷ್ಟ.”

“ಬಾಂಡ್ ಪೇಪರ್ ಮ್ಯಾಲೆ ಬರದು ಕೊಡತಾರಲ್ಲ?” ದಾಕ್ಷಾಯಿಣಿ ಕೇಳಿದಳು.

“ಅದು ಬರೇ ಕರಾರು, ಅಕ್ಕಾ. ಸಬ್ ರಿಜಿಸ್ಟ್ರಾರ್ ಆಫೀಸಿನಾಗ ಖರೇದಿ ನೋಂದಣಿ ಆಗದ ಮನಿ ನಿಮ್ಮದಾಗೂದಿಲ್ಲ. ಬ್ಯಾಂಕಿನವರನ್ನ ಕೇಳಿದ್ರೇನು?”

“ಬ್ಯಾಂಕಿನ ತಾಪತ್ರಯ ಯಾಕ, ರೇಟು ಸೋವಿ ಮಾಡಿ ಕೊಡತೀನಿ ಅಂದ್ರು ಅಂದಾನಪ್ಪನವರು,” ಎಂದಳು ದಾಕ್ಷಾಯಿಣಿ.

“ಯಾಕ ಸೋವಿ ಅಂತ ಕೇಳಲಿಲ್ಲೇನು?”

ಕಲ್ಲವ್ವನಿಗೆ ಸಿಟ್ಟು ಬಂತು. “ವೀಳ್ಯ ಹಿಡದ ಮ್ಯಾಲೆ ಅದು ತೋರಸು ಇದು ತೋರಸು ಅಂದ್ರ ಅವರ ಮಾರಿ ಹೆಂಗ ನೋಡೂದು? ನಾವೇನು ಸಂತ್ಯಾಗ ದನಾ ಕೊಳ್ಳಾಕತ್ತೇವೇನು?”

“ದನಾ ಕೊಳ್ಳುವಾಗ ಬಾಯಿ ತಗದು ಹಲ್ಲು ನೋಡ್ತೀರಲ್ಲ, ಅತ್ತಿ.”

ದಾಕ್ಷಾಯಿಣಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಟೆಂಪೋ ನಿಂತಿತು. ಮನೆಯ ಮುಂದೆ, ಗೇಟು ಬರಬೇಕಾದ ಜಾಗದ ಪಕ್ಕದಲ್ಲೇ, ಮೊಣಕಾಲೆತ್ತರದ ಕಲ್ಲೊಂದಿತ್ತು. ಅದರ ಮೈಗೆಲ್ಲ ದಪ್ಪನೆ ವಿಭೂತಿ, ಮೇಲೊಂದು ದಾಸವಾಳ. ಮನೆ ನೋಡಲು ಬಂದಾಗಲೆಲ್ಲ ಎಲ್ಲರೂ ಅದಕ್ಕೆ ಕೈಮುಗಿದಿದ್ದರು. ಬಾಗಿಲು ಕಾಯುವ ದೇವರಿಗೆ ಮೊದಲು ಪೂಜೆಯಾಗಲಿ ಎಂದು ಕಲ್ಲವ್ವ ತಂಬಿಗೆಯ ನೀರು ಸುರಿದು ಕೈಯಿಂದ ತಿಕ್ಕಿದಳು. ವಿಭೂತಿ ಕರಗಿತು. ಅದರಡಿಯ ಸುಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಕಲ್ಲಿನಲ್ಲಿ ಕೊರೆದ ಅಕ್ಷರ, ಅಂಕಿ ಎದ್ದು ಬಂದವು.

ರಮ್ಯಶ್ರೀ ಬಗ್ಗಿ ಓದಿದಳು.

“ಅತ್ತಿ, ಇದು ದೇವರಲ್ಲ. ಅರಣ್ಯ ಇಲಾಖೆಯವರ ಗಡಿಕಲ್ಲು. ಇದರ ಆಚೆ ಕಾಡು.”

ಕಲ್ಲವ್ವನ ಒದ್ದೆ ಕೈ ಕಲ್ಲಿನ ಮೇಲೇ ಉಳಿಯಿತು. ಚನ್ನಬಸವ ಕಲ್ಲನ್ನು ನೋಡಿದ, ಮನೆಯನ್ನು ನೋಡಿದ. ಜಗಲಿ, ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲವೂ ಆಚೆಗೇ ಇದ್ದವು. ಈಚೆಗಿದ್ದದ್ದು ರಸ್ತೆ ಮಾತ್ರ.

ಮಾತು ಕೇಳಿ ಹೊರಗೆ ಬಂದ ಅಂದಾನಪ್ಪನವರು ಕಲ್ಲನ್ನು ನೋಡಿ ಮೆಟ್ಟಿಲ ಮೇಲೆ ಕುಳಿತರು.

“ನಾನೂ ಹಿಂದಿನವರ ಕೈಲೆ ವೀಳ್ಯ ಹಿಡದನ ತಗೊಂಡೆ. ಅವಾಗೂ ಇದಕ್ಕ ವಿಭೂತಿ ಇತ್ತು. ಪೂಜಿ ಬಿಡಬ್ಯಾಡ ಅಂದಿದ್ರು. ಇಷ್ಟು ವರ್ಷ ಊದಿನಕಡ್ಡಿ ಬೆಳಗೇನಲ್ಲವ್ವಾ ಇದಕ್ಕ.”

“ಕಾಗದ?” ರಮ್ಯಶ್ರೀ ಕೇಳಿದಳು.

ಅವರು ತಲೆಯಾಡಿಸಿದರು. ಇಲ್ಲ.

“ಖಾತ್ರಿಗೆ ಸರ್ವೆ ಮಾಡಸೋಣು, ಕಾಕಾ,” ಎಂದಳು ರಮ್ಯಶ್ರೀ ಮೆಲ್ಲಗೆ. “ಆದ್ರ ಕಾಡಿನ ಜಾಗಾ ಇದ್ರ ಇದನ್ನ ಮಾರಾಕ ಬರೂದಿಲ್ಲ, ಕೊಳ್ಳಾಕೂ ಬರೂದಿಲ್ಲ. ನೀವು ಇಲ್ಲಿ ಇರೂದರ ಮಾತು ಬ್ಯಾರೆ, ಅದನ್ನ ಕೂತು ನೋಡೋಣು.”

ಕಲ್ಲವ್ವ ಮೆಟ್ಟಿಲ ಬಳಿಗೆ ಹೋದಳು. “ಅಂದಾನಪ್ಪಾ, ನಿನ್ನ ಮ್ಯಾಲೆ ಸಿಟ್ಟಿಲ್ಲ. ನಮ್ಮ ದೇವರ ಜಗಲಿ ಮ್ಯಾಲೆ ಇಟ್ಟ ನಿನ್ನ ವೀಳ್ಯಾ ನಾಳೆ ಹಿಂದ ತಂದು ಕೊಡತೀನಿ.” ಆಮೇಲೆ ರಮ್ಯಶ್ರೀಯ ಕಡೆ ತಿರುಗಿದಳು. “ಇನ್ನ ಮ್ಯಾಲೆ ನಮ್ಮ ಮನ್ಯಾಗ ಮೊದಲ ಕಾಗದ, ಆಮ್ಯಾಲೆ ಎಲಿ-ಅಡಿಕಿ.”

ಗೇಟು ಮತ್ತೆ ಟೆಂಪೋ ಏರಿತು.

ಇದನ್ನು ಓದುತ್ತಿರುವ ಅಕ್ಕಾ, ಅಣ್ಣಾ, ನೀವೂ ಮೊದಲ ಮನೆಯ ಆಸೆಯಲ್ಲಿದ್ದರೆ ವೀಳ್ಯಕ್ಕೆ ಮುಂಚೆ ನೋಂದಣಿಯಾದ ಮೂಲ ಕ್ರಯಪತ್ರ ಕೇಳಿ. ಹಳ್ಳಿಯ ಮನೆಯಾದರೆ ಪಂಚಾಯಿತಿಯಲ್ಲಿ ಆಸ್ತಿಯ ಇ-ಸ್ವತ್ತು ದಾಖಲೆ ನೋಡಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಿ. ಮನೆಯ ಮೇಲೆ ನೋಂದಣಿಯಾದ ಸಾಲವಿದ್ದರೆ ಅಥವಾ ಮನೆಯನ್ನು ಈಗಾಗಲೇ ಬೇರೆಯವರಿಗೆ ಮಾರಿದ್ದರೆ ಅದರಲ್ಲಿ ತಿಳಿಯುತ್ತದೆ. ಕಾಗದಗಳನ್ನು ವಕೀಲರಿಗೆ ತೋರಿಸಿ, ಜಾಗವನ್ನು ಅಳೆಸಿ. ಬ್ಯಾಂಕು ಸಾಲ ಕೊಡಲು ಹಿಂಜರಿದರೆ ಕಾರಣ ಕೇಳಿ. ಕೇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಎಲ್ಲ ಮನೆಗಳ ಮುಂದೆ ಇಂಥ ಕಲ್ಲು ಇರುವುದಿಲ್ಲ.

“ಕಾಗದ ತೋರಸ್ರಿ” ಎಂಬ ಮಾತು ಚನ್ನಬಸವನ ನಾಲಗೆಯ ತುದಿಗೆ ವಾರವಿಡೀ ಬಂದಿತ್ತು. ಅದನ್ನು ಅವನು ಅಂದಾನಪ್ಪನವರಿಗೆ ಕೊನೆಗೂ ಹೇಳಲಿಲ್ಲ.