ಬೆಳಗಿನ ತರಗತಿ

ನನ್ನ ತಂಗಿ ನರ್ಸಿಂಗ್ ಮೊದಲ ವರ್ಷವನ್ನು ಎರಡು ಸಲ ಓದಿದಳು. ಫೇಲಾಗಿ ಅಲ್ಲ, ಮೊದಲ ಸಲ ಇಡೀ ತರಗತಿಗೇ ಅವಳು ಮೊದಲು. ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ಹೊಲಿಗೆ ಮಷೀನು ತುಳಿಯುತ್ತ ನಾನೊಬ್ಬಳೇ ನೋಡಿಕೊಳ್ಳಲಾರದೆ ಹೋದೆ. ಅವಳು ದೂರದ ಕಾಲೇಜು ಬಿಟ್ಟು ನಮ್ಮೂರಿನ ಕಾಲೇಜಿಗೆ ಸೇರಿದಳು.

ಇಲ್ಲಿನವರು ಅವಳು ಅಲ್ಲಿ ಪಾಸಾದ ವರ್ಷದ ಕ್ರೆಡಿಟ್ ಒಪ್ಪಲಿಲ್ಲ. ಅಲ್ಲಿ ರೋಗಿಯ ಆರೈಕೆಯನ್ನು ನೇರ ವಾರ್ಡಿನಲ್ಲೇ ಕಲಿಸುತ್ತಿದ್ದರು, ಇಲ್ಲಿ ಮೊದಲು ರಬ್ಬರ್ ಗೊಂಬೆಯ ಮೇಲೆ ಕಲಿಯಬೇಕಂತೆ. ಜೀವ ಇರುವವರ ಮೈ ಒರೆಸಿ ಬಂದವಳು ಗೊಂಬೆಯ ಮೈ ಒರೆಸಿಲ್ಲ ಎಂದು ಮತ್ತೆ ಮೊದಲ ವರ್ಷಕ್ಕೆ ಕೂರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ.

ನಾನು ಹೋಗಿ ಜಗಳವಾಡಿದೆ. ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ಎಲ್ಲ ಕಾಲೇಜುಗಳ ಪಾಠವನ್ನೂ ಒಂದೇ ಅಳತೆಗೆ ತರಲು ಸಮಿತಿ ಕೂತಿದೆ, ಅದು ಮುಗಿದರೆ ಅವಳ ವಾರ್ಡಿನ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ಅಲ್ಲಿಯವರೆಗೆ ಬೆಳಗಿನ ತರಗತಿ ತಪ್ಪಿಸುವಂತಿಲ್ಲ ಎಂದರು. ನಮಗೆ ಬೇಕಾಗಿದ್ದುದೇ ಆ ಬೆಳಗು. ಅಪ್ಪನ ನಾಲಿಗೆ ತಿರುಗುತ್ತಿದ್ದುದು ಬೆಳಿಗ್ಗೆ ಮಾತ್ರ. ಅವಳು ಮನೆಗೆ ಬರುವಷ್ಟರಲ್ಲಿ ಮಾತು ನಿಂತು, ಮಂಪರಿಗೆ ಜಾರಿರುತ್ತಿದ್ದರು. ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪುಟ್ಟಿ ಎಲ್ಲಿ ಎಂದು ಅಪ್ಪ ದಿನಾ ಕೇಳುವರು. ಗೊಂಬೆ ಆಡಲು ಹೋಗಿದ್ದಾಳೆ ಎಂದರೆ ಅರ್ಧ ಬಾಯಲ್ಲೇ ನಗುವರು.

ಒಂದು ಬೆಳಿಗ್ಗೆ ಅವರ ಉಸಿರಾಟ ಬದಲಾಯಿತು. ಕಾಲೇಜಿಗೆ ಫೋನ್ ಮಾಡಿದೆ. ಪ್ರಾಕ್ಟಿಕಲ್ ನಡೆಯುವಾಗ ಯಾರನ್ನೂ ಹೊರಗೆ ಕರೆಯುವಂತಿಲ್ಲ, ಮುಗಿದ ಕೂಡಲೇ ಹೇಳುತ್ತೇವೆ ಎಂದರು. ಕೂಗಾಡಿದೆ, ಕೈಮುಗಿಯುತ್ತೇನೆ ಎಂದೆ, ಲೈನು ಕಟ್ಟಾಯಿತು.

"ಪುಟ್ಟಿ ಬಂದ್ಲಾ?" ಎಂದರು ಅಪ್ಪ.

"ದಾರೀಲಿದ್ದಾಳೆ ಅಪ್ಪ, ಈಗ ಬಂದ್ಬಿಡ್ತಾಳೆ."

ಅವರು ಬಾಗಿಲ ಕಡೆಗೇ ನೋಡುತ್ತ ಹೋಗಿಬಿಟ್ಟರು.

ಅವಳು ಏದುಸಿರು ಬಿಡುತ್ತ ಬಂದಳು. ಯಾರನ್ನೂ ಹತ್ತಿರ ಬಿಡದೆ, ಬಿಸಿನೀರು ತಂದು ತಾನೇ ಅಪ್ಪನ ಮೈ ಒರೆಸಿದಳು. ನೀರು ಹದವಾಗಿದೆಯಾ ಎಂದು ಮೊಣಕೈ ಅದ್ದಿ ನೋಡಿದಳು. ಅದನ್ನು ಕಂಡು ನನಗೆ ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ಗಟ್ಟಿಯಾಗಿ ಅತ್ತೆ.

ಮುಂದಿನ ತಿಂಗಳು ಸಮಿತಿಯ ಕೆಲಸ ಮುಗಿಯಿತು. ಮೊದಲ ವರ್ಷದ ತರಗತಿಗೆ ಇನ್ನು ಬರಬೇಕಿಲ್ಲ ಎಂದು ಪ್ರಿನ್ಸಿಪಾಲರೇ ಮನೆಗೆ ಬಂದು ಹೇಳಿದರು. ಚೆನ್ನಾಗಿ ಬೈಯಬೇಕೆಂದುಕೊಂಡಿದ್ದೆ, ಒಂದು ಲೋಟ ನೀರು ತಂದುಕೊಟ್ಟೆ.

ಈಗ ಎರಡನೇ ವರ್ಷ ಶುರುವಾಗುವವರೆಗೆ ಅವಳಿಗೆ ಬೆಳಗೆಲ್ಲ ಬಿಡುವು. ಖಾಲಿ ಮಂಚದ ಅಂಚಿಗೆ ಕೂತಿರುತ್ತಾಳೆ.

"ಇನ್ನೇನ್ ಮಾಡ್ಲಿ ಅಕ್ಕಾ?" ಎನ್ನುತ್ತಾಳೆ.